ಸ್ಪ್ರಿಂಟ್ ಕಯಾಕಿಂಗ್‌ನಲ್ಲಿ ಹುಡುಗೀರ ಕರಿಯರ್: ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾರಿಸ್ ಒಲಿಂಪಿಕ್ಸ್ ಆದ ಮೇಲೆ ನ್ಯೂಜಿಲೆಂಡ್‌ನ ಕಯಾಕ್ ಆಟಗಾರ್ತಿ ಲಿಸಾ ಕ್ಯಾರಿಂಗ್ಟನ್ ವಿಡಿಯೋ ನಮ್ಮ ಕಡೆ ವಾಟ್ಸಾಪ್ ಗ್ರೂಪಲ್ಲೂ ಓಡಾಡಿತು. ಅವತ್ತಿಂದ ಕಾರವಾರ, ಅಂಕೋಲಾ, ಹೊನ್ನಾವರದ ಅಪ್ಪ ಅಮ್ಮಂದಿರು, ಕಾಲೇಜು ಹುಡುಗೀರು ಕೇಳಿದ್ದನ್ನೇ ಕೇಳ್ತಾ ಇದ್ದಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡೋಣ ಅಂತ. ನಿಮ್ಮ ಪ್ರಶ್ನೆ ಯಾವುದೋ ಅಷ್ಟೇ ಓದಿ, ಮೊದಲಿಂದ ಕೊನೆವರೆಗೆ ಓದ್ಲೇಬೇಕು ಅಂತೇನಿಲ್ಲ.

ಗಣೇಶಗುಡಿಯಲ್ಲಿ ಟೂರಿಸ್ಟರಿಗೆ ಮಾಡಿಸ್ತಾರಲ್ಲ, ಅದೇನಾ ಇದು?

ಅಲ್ಲ. ಗಣೇಶಗುಡಿ, ದಾಂಡೇಲಿ ಕಡೆ ಕಲ್ಲುಬಂಡೆ ಮಧ್ಯೆ ನುಗ್ಗೋ ನೀರಲ್ಲಿ ಮಾಡೋದು ವೈಟ್‌ವಾಟರ್. ಹೊನ್ನಾವರದ ಶರಾವತಿಯಲ್ಲಿ ಕಾಂಡ್ಲಾ ಗಿಡ ನೋಡ್ತಾ ನಿಧಾನಕ್ಕೆ ಹೋಗೋದು ಪ್ಲಾಸ್ಟಿಕ್ಕಿನ ಅಗಲ ಕಯಾಕ್, ಅದು ಮಗುಚ್ಲಿಕ್ಕೆ ನೀವೇ ಕಷ್ಟಪಡ್ಬೇಕು. ಸ್ಪ್ರಿಂಟ್ ಅಂದ್ರೆ ಅಲುಗಾಡದ ನೀರು, ನೆಟ್ಟಗೆ ಲೇನ್, ಹೆಂಗಸರಿಗೆ ಹೆಚ್ಚಾಗಿ 200 ಅಥವಾ 500 ಮೀಟರ್, ಯಾರು ಮೊದಲು ಮುಟ್ಟಿದ್ರು ಅಷ್ಟೇ. ಒಬ್ಬರ ಬೋಟ್ ಅಂದ್ರೆ ಕೆ1, ಅದರ ಉದ್ದ 5.20 ಮೀಟರ್ ಮೀರೋ ಹಾಗಿಲ್ಲ, ತೂಕ 12 ಕಿಲೋಗಿಂತ ಕಡಿಮೆ ಇರೋ ಹಾಗಿಲ್ಲ, ಅಗಲ ಮಾತ್ರ ಹೆಚ್ಚುಕಡಿಮೆ ನಿಮ್ಮ ಸೊಂಟದಷ್ಟೇ. ಮೊದಲ ಸಲ ಕೂತವರು ಹುಟ್ಟು ಎತ್ತೋ ಮೊದಲೇ ನೀರಲ್ಲಿ ಇರ್ತಾರೆ. ಇಬ್ಬರದ್ದು ಕೆ2, ನಾಲ್ಕು ಜನರದ್ದು ಕೆ4, ಕೆ4 ಅಂತೂ 11 ಮೀಟರ್‌ವರೆಗೂ ಉದ್ದ.

ರೋಯಿಂಗ್ ಜೊತೆನೂ ಕನ್‌ಫ್ಯೂಸ್ ಮಾಡ್ಕೋಬೇಡಿ. ರೋಯಿಂಗಲ್ಲಿ ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂರ್ತಾರೆ, ಕಯಾಕಲ್ಲಿ ಮುಂದೆ ನೋಡ್ತಾ, ಎರಡೂ ತುದಿಗೆ ಅಲಗು ಇರೋ ಹುಟ್ಟು ಹಿಡ್ಕೊಂಡು. ಒಂದು ಮೊಣಕಾಲು ಊರಿ ಒಂದೇ ಕಡೆ ಹುಟ್ಟು ಹಾಕೋದು ಕೆನೂ, ಅದು ಬೇರೆ ಸ್ಪರ್ಧೆ.

ಈ ಲಿಸಾ ಕ್ಯಾರಿಂಗ್ಟನ್ ಅಷ್ಟು ದೊಡ್ಡ ಹೆಸರಾ?

ಹೌದು ಮಾರಾಯ್ರೆ. 8 ಒಲಿಂಪಿಕ್ ಚಿನ್ನ, 1 ಕಂಚು. ನ್ಯೂಜಿಲೆಂಡ್‌ನಲ್ಲಿ ಯಾವ ಆಟದಲ್ಲೂ, ಗಂಡಸರಲ್ಲೂ, ಇಷ್ಟು ಚಿನ್ನ ಗೆದ್ದವರು ಇನ್ನೊಬ್ಬರಿಲ್ಲ. 2022ರ ಹೊಸ ವರ್ಷಕ್ಕೆ ಅವರಿಗೆ ಅಲ್ಲಿಯ 'ಡೇಮ್' ಗೌರವ ಕೊಟ್ಟರು.

ಆದ್ರೆ ನಮ್ಮ ಕಡೆಯವರು ನೋಡ್ಬೇಕಾದ್ದು ಪದಕದ ಲೆಕ್ಕ ಅಲ್ಲ, ದಾರಿ. 1989ರಲ್ಲಿ ಹುಟ್ಟಿದ ಈ ಮಾವೋರಿ (ಅಲ್ಲಿಯ ಮೂಲನಿವಾಸಿ) ಮನೆತನದ ಹುಡುಗಿ ಬೆಳೆದದ್ದು ಓಹೋಪೆ ಅನ್ನೋ ಸಣ್ಣ ಕಡಲತೀರದ ಊರಲ್ಲಿ, ಮೊದಲು ಮಾಡ್ತಾ ಇದ್ದದ್ದು ಸರ್ಫ್ ಲೈಫ್‌ಸೇವಿಂಗ್, ಅಂದ್ರೆ ಅಲೆಯಲ್ಲಿ ಈಜೋದು, ಉದ್ದ ಸರ್ಫ್‌ಸ್ಕೀ (ಅಲೆಗೆ ಅಂತ ಮಾಡಿದ ಕಯಾಕ್) ಓಡಿಸೋದು, ಮುಳುಗ್ತಿರೋರನ್ನ ಎತ್ತೋದು. ಪೂರ್ತಿ ಸಮುದ್ರದ ಮಗು. ಆಮೇಲೆ ಸೀರಿಯಸ್ಸಾಗಿ ಸ್ಪ್ರಿಂಟಿಗೆ ಬಂದಾಗ ಸಮುದ್ರ ಬಿಟ್ಟು ಆಕ್ಲೆಂಡ್‌ಗೆ ಹೋಗಿ, ಪುಪುಕೆ ಅನ್ನೋ ಸಿಹಿನೀರಿನ ಸರೋವರದಲ್ಲಿ ಗಾರ್ಡನ್ ವಾಕರ್ ಅನ್ನೋ ಕೋಚ್ ಹತ್ರ ವರ್ಷಗಟ್ಟಲೆ ಅದೇ ನೀರಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ. ಎಂಟೂ ಚಿನ್ನಕ್ಕೂ ಅವರೊಬ್ಬರೇ ಕೋಚ್. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ಮುಖ್ಯ ಸಂಗತಿ ಇದೇ, ಟಿವಿಯವರು ಮಾತ್ರ ಇದನ್ನ ಎರಡು ಸೆಕೆಂಡಲ್ಲಿ ಹೇಳಿ ಮುಗಿಸ್ತಾರೆ.

2011ರಲ್ಲಿ ಹಂಗೇರಿಯ ಸೆಗೆಡ್‌ನಲ್ಲಿ ಕೆ1 200ರಲ್ಲಿ ವಿಶ್ವ ಚಾಂಪಿಯನ್. 2012 ಲಂಡನ್‌ನಲ್ಲಿ ಅದೇ ರೇಸಲ್ಲಿ ಚಿನ್ನ, ಹೆಂಗಸರ 200 ಮೀಟರ್ ಒಲಿಂಪಿಕ್ಸಿಗೆ ಬಂದದ್ದೇ ಆ ವರ್ಷ. 2016 ರಿಯೋದಲ್ಲಿ ಮತ್ತೆ 200ರ ಚಿನ್ನ, ಜೊತೆಗೆ 500ರಲ್ಲಿ ಕಂಚು. 2021ರಲ್ಲಿ ನಡೆದ ಟೋಕಿಯೋದಲ್ಲಿ ಮೂರು ಚಿನ್ನ, ಅದರಲ್ಲೂ ಕೆ1 200 ಮತ್ತು ಕೇಟ್ಲಿನ್ ರೀಗಲ್ ಜೊತೆಗಿನ ಕೆ2 500 ಎರಡೂ ಒಂದೇ ದಿವಸ! 200ರ ಟೈಮ್ 38.120 ಸೆಕೆಂಡ್, ನಿಂತಲ್ಲಿಂದ ಹೊರಟು ಸರಾಸರಿ ಗಂಟೆಗೆ ಸುಮಾರು 19 ಕಿಲೋಮೀಟರ್ ಬಿತ್ತು, ಬರೀ ಹುಟ್ಟು ಹಾಕಿ. 2024 ಪ್ಯಾರಿಸ್‌ನಲ್ಲಿ ಮೂರು ದಿನಕ್ಕೆ ಮೂರು: ಕೆ4, ಕೆ2, ಕೆ1, ಎಲ್ಲಾ 500.

200ರಲ್ಲಿ ಅಷ್ಟು ಸ್ಟ್ರಾಂಗ್ ಇದ್ದವರು 500ಕ್ಕೆ ಯಾಕೆ ಹೋದ್ರು?

ಪ್ಯಾರಿಸ್‌ನಲ್ಲಿ ಹೆಂಗಸರ ಕೆ1 200 ಇರಲೇ ಇಲ್ಲ, ತೆಗೆದುಹಾಕಿದ್ರು. ಮೂರು ಒಲಿಂಪಿಕ್ಸಲ್ಲಿ ಗೆದ್ದ ರೇಸೇ ಲಿಸ್ಟಿಂದ ಹೋಯ್ತು ಅಂದ್ರೆ ಹೇಗಿರ್ಬೇಡ ಯೋಚಿಸಿ. ಬೇರೆಯವರಾದ್ರೆ ಅಲ್ಲಿಗೆ ನಿಲ್ಲಿಸ್ತಿದ್ರೋ ಏನೋ. ಇವರು ರಿಯೋ ಟೈಮಿಂದಲೇ 500ನ್ನೂ ಕಟ್ಕೊಂಡು ಬರ್ತಾ ಇದ್ದರು, ಕಂಚಿಂದ ಚಿನ್ನಕ್ಕೆ ಐದು ವರ್ಷ ಹಿಡೀತು.

ಎರಡೂ ಒಂದೇ ಆಟ ಅಂತ ಕಂಡ್ರೂ ದೇಹಕ್ಕೆ ಬೇರೆ ಬೇರೆ. 200 ಅಂದ್ರೆ ನಲವತ್ತು ಸೆಕೆಂಡ್ ಸ್ಫೋಟ, ಉಸಿರು ಹಿಡಿದು ಹೋದ ಹಾಗೆ. 500 ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ, ಅಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ಆಮ್ಲಜನಕದ ದಾರಿಯಿಂದಲೇ ಬರ್ಬೇಕು, ಅಂದ್ರೆ ಹೃದಯ ಶ್ವಾಸಕೋಶದ್ದು ವರ್ಷಗಟ್ಟಲೆ ಕೆಲಸ. ಶುರುವಲ್ಲಿ ಹುಚ್ಚು ಹಿಡಿದ ಹಾಗೆ ಹೊಡೆದ್ರೆ 350 ಮೀಟರ್ ಹತ್ರ ತೋಳು ಸೀಸದ ಹಾಗೆ ಆಗ್ತದೆ, ಆಮೇಲೆ ಎಷ್ಟು ಮನಸ್ಸಿದ್ರೂ ಹುಟ್ಟು ನೀರಲ್ಲಿ ಊರೋದಿಲ್ಲ.

ನಮ್ಮಲ್ಲೇ ಸಮುದ್ರ ಇದೆ, ಕಾಳಿ ಇದೆ, ಗಂಗಾವಳಿ ಅಘನಾಶಿನಿ ಶರಾವತಿ ಎಲ್ಲಾ ಇದೆ. ಮತ್ತೆ ಮಗಳು ಹೊರಗೆ ಹೋಗ್ಲೇಬೇಕಾ?

ಈ ಪ್ರಶ್ನೆಗೆ ಯಾರಿಗೂ ಇಷ್ಟ ಆಗದ ಉತ್ತರ: ಒಂದು ಹಂತ ಆದ್ಮೇಲೆ ಹೌದು.

ನೀರು ಜಾಸ್ತಿ ಇದ್ದ ಮಾತ್ರಕ್ಕೆ ಸ್ಪ್ರಿಂಟಿಗೆ ಒಳ್ಳೇದು ಅಂತಲ್ಲ. ನಮ್ಮ ಅಳಿವೆಗಳಲ್ಲಿ ದಿವಸಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಕೋಡಿಬಾಗ ಕಡೆ ಇಳಿತದ ಹೊತ್ತಲ್ಲಿ ನೀರು ಸೆಕೆಂಡಿಗೆ ಬರೀ ಅರ್ಧ ಮೀಟರ್ ಹರೀತಾ ಇದೆ ಅಂತ ಇಟ್ಕೊಳ್ಳಿ, 1 ನಿಮಿಷ 50 ಸೆಕೆಂಡಿನ ರೇಸಲ್ಲಿ ನದಿಯೇ ನಿಮ್ಮನ್ನ 55 ಮೀಟರ್ ತಳ್ಳಿರ್ತದೆ. ಸ್ಟಾಪ್‌ವಾಚ್ ನೋಡಿ 'ನಮ್ಮ ಹುಡುಗಿ ನ್ಯಾಷನಲ್ ಟೈಮ್ ಮಾಡಿದ್ಲು' ಅಂತ ಖುಷಿಪಟ್ಟು ನ್ಯಾಷನಲ್ ಕೂಟಕ್ಕೆ ಅಂತ ಭೋಪಾಲಕ್ಕೆ ಹೋದ್ರೆ ಹೀಟ್ಸಲ್ಲೇ, ಅಂದ್ರೆ ಮೊದಲ ಸುತ್ತಲ್ಲೇ, ಲಾಸ್ಟ್. ಅದ್ರ ಮೇಲೆ ಬೆಳಗ್ಗೆ ಹೊತ್ತು ಏರಿದ್ದೇ ಪಶ್ಚಿಮದ ಗಾಳಿ ಎದ್ದು ನೀರು ಮುರೀಲಿಕ್ಕೆ ಶುರು ಆಗ್ತದೆ, ಮೀನಿನ ಬೋಟು ಹೋದ್ರೆ ಅದರ ಅಲೆ ಬೇರೆ. ಅಷ್ಟು ಸಪೂರ ಬೋಟಲ್ಲಿ ಆಗ ಬ್ಯಾಲೆನ್ಸ್ ಮಾಡೋದೇ ಕೆಲಸ, ಸ್ಪೀಡ್ ವರ್ಕ್ ಎಲ್ಲಿಂದ ಬರ್ಬೇಕು.

ಕದ್ರಾ ಹಿನ್ನೀರು ನೋಡಿದ್ರೆ ಆಸೆ ಆಗ್ತದೆ, ನಿಶ್ಚಲ ನೀರು. ಆದ್ರೆ ಪಕ್ಕದಲ್ಲೇ ಕೈಗಾ ಇದೆ, ಮನಸ್ಸಿಗೆ ಬಂದ ಹಾಗೆ ಬೋಟ್ ಇಳಿಸೋ ಜಾಗ ಅಲ್ಲ ಅದು, ಕೇಳಿ ಪರ್ಮಿಷನ್ ತಗೊಂಡೇ ಹೋಗ್ಬೇಕು. ಸಿರ್ಸಿ ಸಿದ್ದಾಪುರ ಕಡೆಯವರು ನಮ್ಮೂರ ಕೆರೆ ಆಗ್ತದಾ ಅಂತ ಕೇಳ್ತಾರೆ. ಕಲೀಲಿಕ್ಕೆ ಧಾರಾಳ ಆಗ್ತದೆ, ಅಳಿವೆಗಿಂತ ಚಲೋನೇ, ಆದ್ರೆ 500 ಮೀಟರ್ ನೆಟ್ಟಗೆ ಸಿಗೋ ಕೆರೆ ಕಡಿಮೆ.

ಹಾಗಾಗಿ ಮೊದಲ ಎರಡು ಮೂರು ವರ್ಷ ಇಲ್ಲೇ, ಬೆಳಗ್ಗೆ ಗಾಳಿ ಏಳೋ ಮೊದಲು, ನೀರು ನಿಲ್ಲೋ ಹೊತ್ತು ನೋಡ್ಕೊಂಡು ಮಾಡ್ಬಹುದು. ಆಮೇಲೆ ತರಬೇತಿ ಸೆಂಟರಿಗೆ ಕಳಿಸ್ಬೇಕು. ಓಹೋಪೆ ಹುಡುಗಿಗೂ ತೀರ ಬಿಟ್ಟು ಸರೋವರಕ್ಕೆ ಹೋಗದೆ ಬೇರೆ ದಾರಿ ಇರಲಿಲ್ಲ, ಮನೆ ಎದುರಿಗೇ ಪೆಸಿಫಿಕ್ ಇದ್ರೂ.

ಹಾಗಾದ್ರೆ ದೋಣಿ ಮನೆತನದ ಮಕ್ಕಳಿಗೆ ಅಡ್ವಾಂಟೇಜ್ ಇಲ್ವಾ?

ಇದೆ, ಖಂಡಿತ ಇದೆ. ಹರಿಕಂತ್ರು, ಖಾರ್ವಿ, ಅಂಬಿಗರ ಮನೆ ಹುಡುಗಿ ಸಣ್ಣವಳಿದ್ದಾಗಿಂದ ಪಾತಿ ದೋಣಿಯಲ್ಲಿ ಕೂತು ಬೆಳೆದಿದ್ರೆ ನೀರಿನ ಹೆದರಿಕೆ ಇರೋದಿಲ್ಲ, ದೋಣಿ ವಾಲಿದಾಗ ಮೈ ತಾನಾಗಿ ಸರಿಮಾಡ್ಕೊಳ್ತದೆ. ಪೇಟೆ ಹುಡುಗಿ ತಿಂಗಳುಗಟ್ಟಲೆ ಬಿದ್ದು ಕಲಿಯೋದನ್ನ ಇವರು ಬೇಗ ಕಲೀತಾರೆ. ಆದ್ರೆ ಹುಟ್ಟು ಹಾಕೋ ಅಭ್ಯಾಸ ಸ್ವಲ್ಪ ಅಡ್ಡ ಬರ್ತದೆ, ಅಲ್ಲಿ ತೋಳಿಂದ ಎಳೆದು ಎಳೆದು ರೂಢಿ. ಕಯಾಕಲ್ಲಿ ಕಾಲಿಂದ ಶುರು: ಮುಂದಿನ ಫುಟ್‌ರೆಸ್ಟನ್ನ ಒಂದೊಂದೇ ಕಾಲಲ್ಲಿ ಒತ್ತಿ, ಸೊಂಟ ತಿರುಗಿಸಿ, ಬೆನ್ನು ತಿರುಗಿಸಿ, ಕೊನೆಗೆ ತೋಳು. ಹುಟ್ಟನ್ನ ನೀರಲ್ಲಿ ಊರಿ ಬೋಟನ್ನೇ ಅದರ ಹತ್ರ ತರ್ಬೇಕು, ನೀರನ್ನ ಹಿಂದಕ್ಕೆ ಎತ್ತಿ ಹಾಕೋದಲ್ಲ. ಅಲಗು ಕೂಡ ಚಪ್ಪಟೆ ಇಲ್ಲ, ರೆಕ್ಕೆ ಹಾಗೆ ಬಾಗಿರ್ತದೆ, 1980ರ ದಶಕದಲ್ಲಿ ಈ ವಿಂಗ್ ಹುಟ್ಟು ಬಂದ ಮೇಲೆ ಸ್ಟ್ರೋಕಿನ ದಾರಿಯೇ ಬದಲಾಯ್ತು, ಈಗ ಹೊರಗಡೆಗೆ ಸರಿಯೋ ಹಾಗೆ ಎಳೀತಾರೆ. ದಿಕ್ಕು ತಿರುಗಿಸ್ಲಿಕ್ಕೆ ಪಾದದ ಹತ್ರ ರಡರ್ ಕಡ್ಡಿ ಇರ್ತದೆ.

ಯಾವ ವಯಸ್ಸಿಗೆ ಶುರು ಮಾಡ್ಬೇಕು?

ಹನ್ನೊಂದು ಹನ್ನೆರಡಕ್ಕೆ ಬಂದ್ರೆ ಚಲೋ. ಹದಿನಾರಕ್ಕೆ ಬಂದ್ರೂ ಈಜು, ಕಬಡ್ಡಿ, ಓಟ ಏನಾದ್ರೂ ಮಾಡಿದವಳಾದ್ರೆ ತಡ ಆಯ್ತು ಅಂತ ಅಲ್ಲ. ಈ ಆಟದಲ್ಲಿ ಹದಿನೆಂಟಕ್ಕೆ ಟಾಪಲ್ಲಿ ಇರೋರು ಅಪರೂಪ.

ಈಜು ಬರೋದಿಲ್ಲ, ಲೈಫ್‌ಜಾಕೆಟ್ ಹಾಕ್ತಾರಲ್ಲ?

ಬೇಡ. ಮೊದಲು ಈಜು. ಇದರಲ್ಲಿ ಚರ್ಚೆ ಇಲ್ಲ.

ಭುಜ ಎಲ್ಲಾ ದಪ್ಪ ಆಗಿ ಹುಡುಗಿ ಗಂಡಸಿನ ಹಾಗೆ ಕಾಣ್ತಾಳೆ ಅಂತಾರೆ?

ಭುಜ ಬೆನ್ನು ಅಗಲ ಆಗ್ತದೆ, ಹೌದು, ಆಗ್ಲೇಬೇಕು. ಮೀನು ಬುಟ್ಟಿ ತಲೆ ಮೇಲೆ ಹೊತ್ತು ಊರೆಲ್ಲ ತಿರುಗಿದ ನಮ್ಮ ಅಜ್ಜಿಯಂದಿರ ಭುಜ ನೋಡಿದ್ದೀರಲ್ಲ, ಅವರಿಗೆ ಯಾರೂ ಹೀಗೆ ಕೇಳಿರಲಿಲ್ಲ. ಮಗಳಿಗೆ ಈ ಮಾತು ಮನೇಲೇ ಹೇಳಿದ್ರೆ ಅವಳು ಊಟ ಕಡಿಮೆ ಮಾಡ್ತಾಳೆ, ಅಲ್ಲಿಂದ ಎಲ್ಲಾ ಹಾಳು. ದಯಮಾಡಿ ಹೇಳ್ಬೇಡಿ.

ದಿವಸ ಹೇಗಿರ್ತದೆ? ಓದ್ಲಿಕ್ಕೆ ಟೈಮ್ ಸಿಗ್ತದಾ?

ದೊಡ್ಡ ಲೆವೆಲಲ್ಲಿ ದಿನಕ್ಕೆ ಎರಡು ಸಲ ನೀರು, ಜೊತೆಗೆ ವಾರಕ್ಕೆ ಮೂರು ನಾಲ್ಕು ಸಲ ಜಿಮ್, ಓಟ. ವಾರಕ್ಕೆ ನೂರು ಕಿಲೋಮೀಟರ್ ಆಸುಪಾಸು ಬರೀ ಹುಟ್ಟು ಹಾಕೋದೇ ಆಗ್ತದೆ. ಅದರಲ್ಲಿ ಮುಕ್ಕಾಲು ಪಾಲು ನಿಧಾನ, ಬೋರ್ ಹೊಡೆಸೋ ಕಿಲೋಮೀಟರು. ರೇಸ್ ಸ್ಪೀಡು ಅಂತ ನಾವು ಟಿವಿಯಲ್ಲಿ ನೋಡೋದು ಅವರ ವರ್ಷದಲ್ಲಿ ಬಹಳ ಸಣ್ಣ ತುಂಡು. ಜಿಮ್ಮಲ್ಲಿ ಪುಲ್‌ಅಪ್, ಬೆಂಚ್ ಪುಲ್, ಬೆಂಚ್ ಪ್ರೆಸ್ ಇವೇ ಮುಖ್ಯ.

ಓದು ಆಗ್ತದೆ, ಡಿಗ್ರಿ ಸ್ವಲ್ಪ ನಿಧಾನ ಆಗ್ತದೆ ಅಷ್ಟೇ. ಪಿಯುಸಿ ಸೈನ್ಸ್, ಕೋಚಿಂಗ್ ಕ್ಲಾಸು, ಮತ್ತೆ ನ್ಯಾಷನಲ್ ಕ್ಯಾಂಪು ಮೂರೂ ಒಟ್ಟಿಗೆ ಆಗ್ಬೇಕು ಅನ್ನೋ ಅಪ್ಪಂದಿರಿದ್ದಾರೆ, ಅದು ಆಗೋದಿಲ್ಲ.

ಊಟಕ್ಕೆ ಹೊರಗಿಂದ ಎಂತದ್ದೂ ತರ್ಬೇಕಿಲ್ಲ. ಕುಚಲಕ್ಕಿ ಗಂಜಿ, ಬಂಗಡೆ, ತಾರ್ಲೆ, ಮೊಟ್ಟೆ, ಕಾಳು, ಬಾಳೆಹಣ್ಣು, ಇದರಲ್ಲೇ ಎಲ್ಲಾ ಇದೆ. ಪ್ರಮಾಣ ಮಾತ್ರ ಅಣ್ಣ ತಿನ್ನೋದಕ್ಕಿಂತ ಜಾಸ್ತಿ ಬೇಕಾಗ್ತದೆ, ಬಡಿಸುವಾಗ ಕೈ ಹಿಡೀಬೇಡಿ.

ಪೀರಿಯಡ್ಸ್ ಟೈಮಲ್ಲಿ ಪ್ರಾಕ್ಟೀಸ್ ಮಾಡ್ಬಹುದಾ?

ಮಾಡ್ಬಹುದು, ಹೊಟ್ಟೆನೋವು ಜಾಸ್ತಿ ಇದ್ರೆ ಆ ದಿವಸ ಕಡಿಮೆ ಮಾಡ್ಬೇಕು, ಕೋಚಿಗೆ ಬಾಯಿಬಿಟ್ಟು ಹೇಳ್ಬೇಕು. ಇದಕ್ಕಿಂತ ಗಮನ ಕೊಡ್ಬೇಕಾದ್ದು ಬೇರೆ: ತಿಂಗಳುಗಟ್ಟಲೆ ಮುಟ್ಟು ಬರದೇ ಇದ್ರೆ 'ಟ್ರೇನಿಂಗ್ ಜೋರಿದೆ ಅದಕ್ಕೆ, ಒಳ್ಳೇದೇ ಆಯ್ತು' ಅಂತ ಬಿಡ್ತಾರೆ. ಅದು ಒಳ್ಳೇದಲ್ಲ. ಮಾಡೋ ಕೆಲಸಕ್ಕೆ ಸಾಕಾಗೋಷ್ಟು ಊಟ ಆಗ್ತಿಲ್ಲ ಅನ್ನೋದರ ಲಕ್ಷಣ ಅದಾಗಿರ್ಬಹುದು, ಮುಂದೆ ಎಲುಬು ವೀಕ್ ಆಗಿ ಪಕ್ಕೆಲುಬಲ್ಲಿ ಬಿರುಕು ಬಿಡೋವರೆಗೆ ಹೋಗ್ತದೆ. ಡಾಕ್ಟರಿಗೆ ತೋರಿಸಿ, ಕಬ್ಬಿಣದ ಅಂಶನೂ ಚೆಕ್ ಮಾಡಿಸಿ.

ಬೇರೆ ಗಾಯ?

ಭುಜ, ಮಣಿಕಟ್ಟಿನ ಸ್ನಾಯು, ಸೊಂಟ. ಅಂಗೈ ಗುಳ್ಳೆ ಲೆಕ್ಕಕ್ಕಿಲ್ಲ.

ಮದುವೆ ಆದ್ಮೇಲೆ, ಮಕ್ಕಳಾದ್ಮೇಲೆ ಮುಗೀತಲ್ಲ?

ಈ ಆಟದಲ್ಲಿ ಹಾಗೆ ಹೇಳ್ಲಿಕ್ಕೇ ಬರೋದಿಲ್ಲ. ಜರ್ಮನಿಯ ಬಿರ್ಗಿಟ್ ಫಿಷರ್ 1980ರಲ್ಲಿ 18ನೇ ವಯಸ್ಸಿಗೆ ಮೊದಲ ಚಿನ್ನ ಗೆದ್ದರು, ಕೊನೇದು 2004ರ ಅಥೆನ್ಸ್‌ನಲ್ಲಿ, ವಯಸ್ಸು 42. ನಡುವೆ ಎರಡು ಮಕ್ಕಳು, ಅವರ ದೇಶ ಬಹಿಷ್ಕಾರ ಹಾಕಿದ್ದಕ್ಕೆ 1984ರ ಒಲಿಂಪಿಕ್ಸ್ ಪೂರ್ತಿ ತಪ್ಪಿತು, ಪೂರ್ವ ಜರ್ಮನಿ ಅನ್ನೋ ಆ ದೇಶವೇ ಆಮೇಲೆ ಇಲ್ಲದ ಹಾಗಾಯ್ತು, ಆದ್ರೂ ಒಟ್ಟು 8 ಚಿನ್ನ 4 ಬೆಳ್ಳಿ.

ನನಗೆ ಇವರಿಗಿಂತ ಇಷ್ಟ ಯೋಜೆಫಾ ಈಡೆಮ್. ಮೊದಲು ಪಶ್ಚಿಮ ಜರ್ಮನಿಗೆ, ಆಮೇಲೆ ಇಟಲಿಗೆ ಆಡಿದವರು. 1984ರಿಂದ 2012ರವರೆಗೆ ಎಂಟು ಒಲಿಂಪಿಕ್ಸ್, ಅವರಿಗೂ ಎರಡು ಮಕ್ಕಳು. ಕೆ1 500ರ ಚಿನ್ನ ಸಿಕ್ಕಿದ್ದು 2000ದಲ್ಲಿ ಸಿಡ್ನಿಯಲ್ಲಿ, ಮೂವತ್ತಾರರ ಹತ್ರ. 2008 ಬೀಜಿಂಗಲ್ಲಿ ಚಿನ್ನ ತಪ್ಪಿದ್ದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗಕ್ಕೆ, ಉಕ್ರೇನಿನ ಇನ್ನಾ ಒಸಿಪೆಂಕೊ ಮುಂದೆ. ಅಷ್ಟಾದ್ರೂ ಬಿಡದೆ 2012ರಲ್ಲಿ 47ನೇ ವಯಸ್ಸಿಗೆ ಫೈನಲ್ ತಲುಪಿ ಐದನೇ ಸ್ಥಾನ. ಅತ್ತೆಮನೆಯವರಿಗೆ ತೋರಿಸ್ಲಿಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ರ ಇಲ್ಲ.

ಒಬ್ಬಳೇ ಆಡೋ ಆಟ ಅಲ್ವಾ? ಟೀಮ್ ರಾಜಕೀಯ ಇರೋದಿಲ್ಲ ಅಂತ ಸೇರಿಸಿದ್ವಿ.

ಕೆ1 ಒಂದರಲ್ಲೇ ಕರಿಯರ್ ಮಾಡೋರು ಬಹಳ ಕಡಿಮೆ. ಹಂಗೇರಿಯ ಡಾನುಟಾ ಕೊಜಾಕ್ 2016ರಲ್ಲಿ ಕೆ1, ಕೆ2, ಕೆ4 ಮೂರೂ 500 ಒಂದೇ ಒಲಿಂಪಿಕ್ಸಲ್ಲಿ ಗೆದ್ದ ಮೊದಲನೆಯವರು, ಎಂಟು ವರ್ಷ ಆದ್ಮೇಲೆ ಕ್ಯಾರಿಂಗ್ಟನ್ ಎರಡನೆಯವರು. ಕೆ4ನಂಥ ಕ್ರೂ ಬೋಟಲ್ಲಿ ನಾಲ್ಕೂ ಜನರ ಹುಟ್ಟು ಒಟ್ಟಿಗೆ ನೀರು ಮುಟ್ಟಿ ಒಟ್ಟಿಗೆ ಏಳ್ಬೇಕು. ಮುಂದೆ ಕೂತವಳು ಲಯ ಕೊಡ್ತಾಳೆ, ಹಿಂದಿನವರು ತಮ್ಮ ಸ್ಟೈಲ್ ಬಿಟ್ಟು ಅವಳದ್ದಕ್ಕೆ ಹೊಂದ್ಕೋಬೇಕು. ಎಷ್ಟೋ ಸಲ ಕೆ1ರಲ್ಲಿ ಫಾಸ್ಟ್ ಇರೋ ನಾಲ್ಕು ಜನರನ್ನ ಸೇರಿಸಿದ್ರೆ ಬೋಟ್ ಓಡೋದಿಲ್ಲ.

ಒಲಿಂಪಿಕ್ಸಲ್ಲಿ ಒಂದು ದೇಶದಿಂದ ಕೆ1ಗೆ ಇಬ್ಬರವರೆಗೆ ಇಳೀಬಹುದು. ಪ್ಯಾರಿಸ್ ಕೆ1 500 ಫೈನಲಲ್ಲಿ ಕ್ಯಾರಿಂಗ್ಟನ್ ಜೊತೆ ಅವರದ್ದೇ ದೇಶದ ಏಮಿ ಫಿಷರ್ ಇದ್ದರು. ಫಿಷರ್ 2021ರಲ್ಲಿ ಇದೇ ದೂರದಲ್ಲಿ ವಿಶ್ವ ಚಾಂಪಿಯನ್ ಆದವರು, ಪ್ಯಾರಿಸ್‌ನಲ್ಲಿ ನಾಲ್ಕನೇ ಸ್ಥಾನ. ರಾಜಕೀಯ ಅನ್ನಿ ಪೈಪೋಟಿ ಅನ್ನಿ, ಅದು ಎಲ್ಲಾ ಕಡೆ ಇದ್ದದ್ದೇ.

ಬೋಟಿಗೆ ಎಷ್ಟಾಗ್ತದೆ?

ಪೋರ್ಚುಗಲ್‌ನ ನೆಲೋ ಕಂಪನಿಯ ಹೊಸ ರೇಸಿಂಗ್ ಬೋಟು ಲಕ್ಷದ ಲೆಕ್ಕ, ಹುಟ್ಟು ಬೇರೆ ಹತ್ತಾರು ಸಾವಿರ. ಶುರುವಲ್ಲಿ ದಯವಿಟ್ಟು ತಗೋಬೇಡಿ. ಸೆಂಟರಿನ ಹಳೆ ಅಗಲ ಬೋಟಲ್ಲಿ ಕಲೀಲಿ, ಆಮೇಲೂ ಸೆಕೆಂಡ್ ಹ್ಯಾಂಡ್ ನೋಡಿ. ಸಾಲ ಮಾಡಿ ಬೋಟ್ ತಂದು, ಹುಡುಗಿ ಒಂದು ಸೀಸನ್‌ಗೆ ಬಿಟ್ಟು, ಈಗ ಅದು ಮಾಡಿನ ಕೆಳಗೆ ಕಟ್ಟಿಗೆ ಜೊತೆ ಇರೋ ಮನೆಗಳು ನನಗೆ ಗೊತ್ತು.

ಭಾರತದಲ್ಲಿ ಎಲ್ಲಿ ಕಳಿಸ್ಬೇಕು? ನಮ್ಮವರು ಯಾರಾದ್ರೂ ಗೆದ್ದಿದ್ದಾರಾ?

ಮುಖ್ಯ ಜಾಗ ಭೋಪಾಲ. ಅಲ್ಲಿಯ ದೊಡ್ಡ ಕೆರೆಯಲ್ಲಿ ಮಧ್ಯಪ್ರದೇಶ ಸರ್ಕಾರದ ವಾಟರ್ ಸ್ಪೋರ್ಟ್ಸ್ ಅಕಾಡೆಮಿ ಇದೆ. ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಸೆಂಟರುಗಳು ಒಡಿಶಾದ ಜಗತ್‌ಪುರ, ಕೇರಳದ ಆಲಪ್ಪುಳದಲ್ಲಿ ಇವೆ. ನಮ್ಮವರಿಗೆ ಆಲಪ್ಪುಳ ಹತ್ರ, ರೈಲೂ ಇದೆ, ಊಟನೂ ಹೆಚ್ಚುಕಡಿಮೆ ನಮ್ಮದೇ.

ಗೆಲುವು ಅಂದ್ರೆ ಸುಳ್ಳು ಭರವಸೆ ಕೊಡೋದಿಲ್ಲ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಸಲಾಮ್ ಕಂಚು ತಂದ್ರು, ಅದಕ್ಕೆ ಮುಂಚಿಂದು 1994ರ ಹಿರೋಶಿಮಾ. ಎರಡೂ ಗಂಡಸರ ಕೆನೂ. ಹೆಂಗಸರ ಕಯಾಕಲ್ಲಿ ಜಾಗ ಇನ್ನೂ ಖಾಲಿನೇ ಇದೆ. ಪ್ಯಾರಾದಲ್ಲಿ, ಅಂದ್ರೆ ಅಂಗವೈಕಲ್ಯ ಇರೋರ ಸ್ಪರ್ಧೆಯಲ್ಲಿ ಮಾತ್ರ ಗ್ವಾಲಿಯರ್‌ನ ಪ್ರಾಚಿ ಯಾದವ್ ದಾರಿ ಮಾಡಿದ್ದಾರೆ: ಟೋಕಿಯೋ ಪ್ಯಾರಾಲಿಂಪಿಕ್ಸಿಗೆ ಹೋದ ಭಾರತದ ಮೊದಲ ಪ್ಯಾರಾ ಕೆನೂ ಆಟಗಾರ್ತಿ, ಅಲ್ಲಿ ಫೈನಲ್ ಕೂಡ ತಲುಪಿದರು, ಹಾಂಗ್‌ಝೌ ಪ್ಯಾರಾ ಗೇಮ್ಸಲ್ಲಿ ಚಿನ್ನ ಮತ್ತು ಬೆಳ್ಳಿ. ಅವರೂ ತಯಾರಾದದ್ದು ಭೋಪಾಲದ ಅದೇ ಕೆರೆಯಲ್ಲಿ. ಕಾಲಿಗೆ ತೊಂದರೆ ಇರೋ ಮಕ್ಕಳ ಮನೆಯವರು ಈ ಆಟ ನಮಗಲ್ಲ ಅಂತ ಸುಮ್ಮನೆ ತೀರ್ಮಾನ ಮಾಡ್ಬೇಡಿ.

ಕೊನೆಗೆ ಕೆಲಸ ಸಿಗ್ತದಾ?

ಪದಕ ಇದ್ರೆ ಪೊಲೀಸ್, ಅರೆಸೇನಾ ಪಡೆಗಳಲ್ಲಿ ಸ್ಪೋರ್ಟ್ಸ್ ಕೋಟಾ ಇದೆ, ಪೊಲೀಸರದ್ದೇ ಆಲ್ ಇಂಡಿಯಾ ವಾಟರ್ ಸ್ಪೋರ್ಟ್ಸ್ ಕೂಟ ಇದೆ. ಪದಕ ಇಲ್ಲದಿದ್ರೆ ಕೋಚಿಂಗ್, ಲೈಫ್‌ಗಾರ್ಡ್, ಟೂರಿಸಂ. ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಕಾರವಾರದಿಂದ ಬಸ್ಸಲ್ಲಿ ಹೋಗಿ ಬರೋ ದೂರ, ಅಲ್ಲಿ ಲೈಫ್‌ಸೇವಿಂಗ್ ಕೋರ್ಸ್ ಮಾಡಿಟ್ಕೊಂಡ್ರೆ ಮುರುಡೇಶ್ವರ ಗೋಕರ್ಣದಲ್ಲಿ ಕೆಲಸಕ್ಕೆ ತೊಂದ್ರೆ ಇಲ್ಲ. ನನ್ನ ಮಾತು ಕೇಳೋದಾದ್ರೆ ನ್ಯಾಷನಲ್ ಕ್ಯಾಂಪಿಗೆ ಹೋಗೋ ಹುಡುಗಿನೂ ಈ ಸರ್ಟಿಫಿಕೇಟ್ ಮಾಡಿಡ್ಲಿ.

ಮಳೆಗಾಲದಲ್ಲಿ ಎಂತ ಮಾಡೋದು?

ಜೂನ್ ಜುಲೈಯಲ್ಲಿ ಯಾಂತ್ರೀಕೃತ ಬೋಟುಗಳೇ ಸಮುದ್ರಕ್ಕೆ ಹೋಗೋ ಹಾಗಿಲ್ಲ, 12 ಕಿಲೋ ಬೋಟಿಗೆ ಅಲ್ಲೇನು ಕೆಲಸ. ನದಿಗೂ ಇಳೀಬೇಡಿ, ಕದ್ರಾ ಗೇಟ್ ತೆಗೆದ್ರೆ ಕಾಳಿ ನೋಡ್ತಾ ನೋಡ್ತಾ ಏರ್ತದೆ. ಜಿಮ್, ಓಟ, ಈಜುಕೊಳ, ಎರ್ಗೋಮೀಟರ್ (ನೆಲದ ಮೇಲೆ ಹುಟ್ಟು ಹಾಕೋ ಮೆಷಿನ್) ಸಿಕ್ಕಿದ್ರೆ ಅದು. ಸೆಂಟರಿಗೆ ಸೇರಿದವರು ಆ ತಿಂಗಳು ಅಲ್ಲೇ ಇರೋದು ವಾಸಿ.

ಕಾಳಿಯಲ್ಲಿ ಮೊಸಳೆ ಇದೆಯಲ್ಲ?

ದಾಂಡೇಲಿ ಕಡೆ ಇದೆ, ಜೋಕ್ ಅಲ್ಲ. ಅಲ್ಲಿ ಪ್ರಾಕ್ಟೀಸಿಗೆ ಇಳೀಬೇಡಿ, ಸ್ಥಳೀಯರು ಬೇಡ ಅಂದ ಜಾಗಕ್ಕೆ ಹೋಗ್ಲೇಬೇಡಿ.

ಮುಂದಿನ ಒಲಿಂಪಿಕ್ಸಲ್ಲಿ ನೋಡ್ಬೇಕಾದ್ರೆ ಯಾವ ರೇಸು, ಎಷ್ಟು ಹೊತ್ತಿಗೆ?

2028 ಲಾಸ್ ಏಂಜಲೀಸ್, ರೇಸ್ ನಡೆಯೋದು ಲಾಂಗ್ ಬೀಚ್‌ನ ಮರೀನ್ ಸ್ಟೇಡಿಯಮ್ಮಲ್ಲಿ, 1932ರ ಒಲಿಂಪಿಕ್ ರೋಯಿಂಗಿಗೆ ಅಂತ ಕಟ್ಟಿದ ಕಾಲುವೆ ಅದು. ಹೆಂಗಸರ ಕಯಾಕಲ್ಲಿ ಕೆ1, ಕೆ2, ಕೆ4, ಎಲ್ಲಾ 500. ಅವರ ಗಡಿಯಾರಕ್ಕಿಂತ ನಮ್ಮದು ಹನ್ನೆರಡೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿ ಬೆಳಗ್ಗೆ ಒಂಬತ್ತೂವರೆಗೆ ರೇಸ್ ಇಟ್ರೆ ಇಲ್ಲಿ ರಾತ್ರಿ ಹತ್ತು, ಊಟ ಮುಗಿಸಿ ಕೂತ್ಕೋಬಹುದು. ನೋಡುವಾಗ ತೋಳು ಬಿಟ್ಟು ಮೊಣಕಾಲು ನೋಡಿ, ಯಾರ ಮೊಣಕಾಲು ಕೊನೆಯ ನೂರು ಮೀಟರಲ್ಲೂ ಅದೇ ಲಯದಲ್ಲಿ ಮೇಲೆ ಕೆಳಗೆ ಆಗ್ತಾ ಇದೆಯೋ ಅವಳೇ ಗೆಲ್ಲೋದು ಜಾಸ್ತಿ.